ಹುಳ ಹಣ್ಣಾದ ಮೂರು ದಿನ

ಸರೋಜಳಿಗೆ ಆರು ತುಂಬಿದ ವರ್ಷ, ಅವರೆಕಾಯಿ ಕಾಲದಲ್ಲಿ, ಒಂದು ನೆಗಡಿ ಬಂತು. ಎಲ್ಲ ಮಕ್ಕಳಿಗೂ ಬರುವಂಥದ್ದೇ. ಯುಗಾದಿ ಕಳೆದರೂ ಅದು ಹೋಗಲಿಲ್ಲ.

ಸರೋಜ ಅಂದರೆ ನಿಮ್ಮಮ್ಮ. ನಿಮಗೆ ಒಂದು ಸೀನು ಬಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಮ್ಮ ಕಣ್ಣಿನ ಸುತ್ತ ಬೆರಳಿಂದ ಒತ್ತಿ ನೋಡುತ್ತಾಳೆ. ನೀವು ನಗುತ್ತೀರಿ. ನಗುವಂಥದ್ದಲ್ಲ ಅದು. ಯಾಕೆ ಅಂತ ಬರೆಯುತ್ತೇನೆ. ಬಾಯಲ್ಲಿ ಹೇಳುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ.

ಆಗ ಅರವತ್ತರ ದಶಕ ಮುಗಿಯುತ್ತಿತ್ತು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಒಂದು ಸಣ್ಣ ಊರು ನಮ್ಮದು. ಇನ್ನೂ ಕರೆಂಟು ಬಂದಿರಲಿಲ್ಲ. ಮನೆಯಲ್ಲಿ ನಾನು, ನಿಮ್ಮ ತಾತ, ಅವರ ತಾಯಿ ಅಕ್ಕಯ್ಯಮ್ಮ, ಮತ್ತು ಸರೋಜ.

ನಾನು ಮೊದಲು ಗಮನಿಸಿದ್ದು ಅವಳು ಊಟ ಮಾಡುವ ರೀತಿಯನ್ನು. ಮುದ್ದೆಯ ತುತ್ತನ್ನು ಬಾಯಿಗೆ ಇಡುವ ಮುಂಚೆ ಒಂದು ಸಲ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದಳು, ಬಾವಿಗೆ ಧುಮುಕುವವರ ಹಾಗೆ. ನುಂಗಿದ ಮೇಲೆ ಬಾಯಿ ತೆರೆದು ಹಾ ಎಂದು ಗಾಳಿ ತೆಗೆದುಕೊಳ್ಳುತ್ತಿದ್ದಳು. ಮೂಗು ಎರಡೂ ಕಡೆ ಕಟ್ಟಿರುವ ಮಗು ನುಂಗುವಾಗ ಉಸಿರು ನಿಲ್ಲಿಸಲೇಬೇಕು; ಅದು ನನಗೆ ಆಗ ಹೊಳೆಯಲಿಲ್ಲ. ಅರ್ಧ ಮುದ್ದೆಗೇ ಸುಸ್ತಾಗಿ ಗೋಡೆಗೆ ಒರಗುತ್ತಿದ್ದಳು. ಊಟ ಮಾಡಿ ದಣಿಯುವ ಮಗುವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೂಗಿನಿಂದ ಹಳದಿ ಇಳಿಯುತ್ತಲೇ ಇತ್ತು. ಒರೆಸಿ ಒರೆಸಿ ಮೇಲ್ದುಟಿ ಹುಣ್ಣಾಗಿತ್ತು. ಮಲಗಿದರೆ ಬಾಯಿ ತೆರೆದುಕೊಂಡು ಗರಗಸ ಎಳೆದ ಹಾಗೆ ಸದ್ದು. ಪಕ್ಕದ ಮನೆಯ ಪಿಳ್ಳಮ್ಮ, "ಏನ್ ಜಯಮ್ಮ, ನಿಮ್ಮನೇಗೆ ಯಾವ ಗಂಡ್ಸು ನೆಂಟ ಬಂದವ್ನೆ? ಆ ಪಾಟಿ ಗೊರಕೆ!" ಎಂದು ನಗುತ್ತಿದ್ದಳು. ಶಾಲೆಯಲ್ಲಿ ಅವಳ ಹೆಸರು ಗೊಣ್ಣೆ ಸರೋಜಿ. ಮೇಷ್ಟರು, "ಬಾಯಿ ಮುಚ್ಚೇ, ನೊಣ ಹೋದಾತು" ಎನ್ನುತ್ತಿದ್ದರಂತೆ. ಅವಳು ಮುಚ್ಚುತ್ತಿದ್ದಳು. ಮುಖ ಕೆಂಪಾಗುವವರೆಗೆ ಮುಚ್ಚಿಕೊಂಡಿದ್ದು ಮತ್ತೆ ತೆರೆಯುತ್ತಿದ್ದಳು. ಹುಡುಗರು ಅದಕ್ಕೂ ನಗುತ್ತಿದ್ದರು. ಬಾಯಿ ತೆರೆದುಕೊಂಡಿರುವ ಮಗು ಪೆದ್ದು ಎಂದು ಊರಿಗೆ ಊರೇ ತೀರ್ಮಾನ ಮಾಡಿತು. ಒಂದೊಂದು ಸಲ ನನಗೂ ಹಾಗೇ ಅನ್ನಿಸುತ್ತಿತ್ತು.

ನಮ್ಮತ್ತೆಗೆ ಹಾಗೆ ಅನ್ನಿಸಲಿಲ್ಲ. ಅರಿಸಿನದ ಕೊಂಬು ಸುಟ್ಟು ಅದರ ಹೊಗೆ ತೋರಿಸಿದರು. ದೊಡ್ಡಪತ್ರೆ ಬಾಡಿಸಿ ರಸ ಹಿಂಡಿದರು. ಬಟ್ಟೆಯಲ್ಲಿ ಉಪ್ಪು ಕಟ್ಟಿ ಬಿಸಿ ಮಾಡಿ ಕೆನ್ನೆಗೆ ಒತ್ತಿದರು. "ನನ್ ಬಂಗಾರಿ ಮೂಗ್ನಾಗೆ ಅದ್ಯಾವ ಮುಂಡೇದು ಕೂತೈತೋ, ಇರು, ಓಡಿಸ್ತೀನಿ" ಎನ್ನುತ್ತಿದ್ದರು. ಸರೋಜ ನಗುತ್ತಿದ್ದಳು. ಅವಳು ನನ್ನ ಹತ್ತಿರ ಅಷ್ಟು ನಗುತ್ತಿರಲಿಲ್ಲ.

ದೇವನಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಹಟ ಹಿಡಿದವರೂ ಅವರೇ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಡಾಕ್ಟರು ಟಾರ್ಚು ಬಿಟ್ಟು ಮೂಗಿನೊಳಗೆ ನೋಡಿದರು. ಕೆನ್ನೆಯ ಮೂಳೆಯ ಮೇಲೆ ಬೆರಳಿಂದ ತಟ್ಟಿದರು. ಸರೋಜ ಅತ್ತುಬಿಟ್ಟಳು.

"ಇದು ನೆಗಡಿ ಅಲ್ಲಮ್ಮ, ಸೈನಸ್. ಮೂಗಿನ ಅಕ್ಕಪಕ್ಕ, ಕಣ್ಣಿನ ಹತ್ತಿರ, ಮೂಳೆ ಒಳಗೆ ಸಣ್ಣಸಣ್ಣ ಕೋಣೆಗಳಿರ್ತವೆ. ಅವುಗಳ ಬಾಗಿಲು ಊದಿಕೊಂಡು ಮುಚ್ಚಿಹೋಗಿದೆ. ಒಳಗೆ ಕೀವು ನಿಂತಿದೆ. ಮೂಗಿನ ಹಿಂದೆ ಅಡಿನಾಯ್ಡ್ ಅನ್ನೋ ಗಡ್ಡೆ ಬೇರೆ ಬೆಳೆದಿದೆ."

ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಮೂಗಿಗೆ ಡ್ರಾಪ್ಸ್ ಬರೆದರು. ಎರಡು ಹೊತ್ತೂ ನೀಲಗಿರಿ ಎಣ್ಣೆ ಹಾಕಿ ಹಬೆ ಕೊಡಬೇಕು, ಕಿಟಕಿ ತೆರೆದಿಡಬೇಕು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಬೇಕು, ಅಡಿನಾಯ್ಡ್ ಆಪರೇಷನ್ ಬೇಕಾಗಬಹುದು ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ ಹೇಳಿದರು:

"ಒಂದು ಮಾತು ನೆನಪಿಟ್ಕೊಳ್ಳಿ. ಕಣ್ಣಿನ ಸುತ್ತ ಊತ ಬಂತು ಅಂದ್ರೆ ಒಂದು ದಿನಾನೂ ಕಾಯಬೇಡಿ. ಆ ಕೋಣೆಗೂ ಕಣ್ಣಿಗೂ ಮಧ್ಯೆ ಇರೋ ಗೋಡೆ ಕಾಗದದಷ್ಟು ತೆಳು. ಅರ್ಥ ಆಯ್ತಾ?"

"ಹೂಂ."

"ಮನೇಲಿ ಧೂಳು, ಹೊಗೆ, ಏನಾದ್ರೂ ಉಂಟಾ?"

ನಿಮ್ಮ ತಾತ ಹೊರಗೆ ನಿಂತಿದ್ದರು. ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿ ಪಾಸು ಮಾಡಿದವಳು, ಪೇಪರು ಓದುತ್ತಿದ್ದೆ. ಆದರೂ ಪರಗಂಡಸು ಏನಾದರೂ ಕೇಳಿದರೆ ಹೂಂ, ಇಲ್ಲ ಎಂದಷ್ಟೇ ಮುಗಿಸಿಬಿಡುತ್ತಿದ್ದೆ. ನಮ್ಮದು ರೇಷ್ಮೆ ಹುಳದ ಮನೆ ಎಂದು ಹೇಳಬೇಕಿತ್ತು. ಒಂದೇ ಒಂದು ಮಾತು.

"ಇಲ್ಲ" ಎಂದೆ.

ಹುಳದ ಮನೆ ಹೇಗಿರುತ್ತದೆ ಎಂದು ಹೊಸಕೋಟೆಯಲ್ಲಿ ಹುಟ್ಟಿದ ನಿಮಗೆ ಗೊತ್ತಿಲ್ಲ. ಆಗ ಹುಳಕ್ಕೆ ಬೇರೆ ಮನೆ ಇರಲಿಲ್ಲ. ನಾವು ಇರುವ ಮನೆಯೇ ಹುಳದ ಮನೆ. ನಡುಮನೆಯ ತುಂಬ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಣೆಯಲ್ಲಿ ಇಟ್ಟು, ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವವರೆಗೆ ಒಂದು ತಿಂಗಳು. ವರ್ಷಕ್ಕೆ ಐದಾರು ಬೆಳೆ. ಹುಳಕ್ಕೆ ಬಿರುಗಾಳಿ ಆಗದು, ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕು. ಚಳಿ ಆಗದು, ಇದ್ದಿಲ ಕುಂಪಟಿ ಇಡಬೇಕು. ಮನುಷ್ಯರಿಗೆ ಹೇಗಾದರೂ ಆದೀತು.

ಎಲ್ಲಕ್ಕಿಂತ ಹೆಚ್ಚಾಗಿ ವಾಸನೆ ಆಗದು. ಹುಳ ಮನೆಯಲ್ಲಿದ್ದಾಗ ಒಗ್ಗರಣೆ ಹಾಕುತ್ತಿರಲಿಲ್ಲ. ಊದುಬತ್ತಿ ಇಲ್ಲ, ಬೀಡಿ ಇಲ್ಲ, ಘಮಘಮ ಎಣ್ಣೆ ಇಲ್ಲ. ನಮ್ಮತ್ತೆಗೆ ನಸ್ಯದ ಚಟ ಬಲವಾಗಿತ್ತು. ಆ ತಿಂಗಳು ಅವರೂ ಡಬ್ಬಿ ಮುಟ್ಟುತ್ತಿರಲಿಲ್ಲ. ಔಷಧಿಯ ವಾಸನೆ ಅಂದರಂತೂ ಊರಿಗೆಲ್ಲ ಭಯ. ಆಸ್ಪತ್ರೆಗೆ ಹೋಗಿ ಬಂದವರು ಗೂಡು ಕಟ್ಟಿ ಮುಗಿಯುವವರೆಗೆ ಹುಳ ಮುಟ್ಟುವ ಹಾಗಿಲ್ಲ, ಒಳಗೂ ಬರುವ ಹಾಗಿಲ್ಲ. ಅದು ಯಾರ ಮನೆಯಲ್ಲೂ ಮೀರದ ಕಟ್ಟು.

ನಾನು ನೀಲಗಿರಿ ಎಣ್ಣೆಯ ಸೀಸೆ ತಂದ ದಿನ ಅತ್ತೆ ಹೊಸಿಲಿನಲ್ಲೇ ತಡೆದರು.

"ಅದು ಒಳಕ್ಕೆ ಬರಂಗಿಲ್ಲ."

"ಡಾಕ್ಟ್ರು ಹೇಳವ್ರೆ ಅತ್ತೆ, ಎರಡು ಹೊತ್ತೂ ಕೊಡ್ಬೇಕಂತೆ."

"ಕೊಡ್ಬೇಡ ಅಂದ್ನಾ? ಬಣವೆ ಹತ್ರ ಕೊಡೋಣ ನಡಿ."

ಬಣವೆಯ ಮರೆಯಲ್ಲಿ ಮೂರು ಕಲ್ಲು ಹೂಡಿ ಅವರೇ ನೀರು ಕಾಯಿಸಿದರು. ಸರೋಜಳನ್ನು ಕಂಬಳಿಯೊಳಗೆ ಕೂರಿಸಿ ಅವಳ ಜೊತೆ ತಾವೂ ತಲೆ ಹಾಕಿದರು. ಇಬ್ಬರೂ ಬೆವರಿಕೊಂಡು ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ಮೂವರೂ ತಲೆಗೆ ನೀರು ಹಾಕಿಕೊಂಡು, ಬೇರೆ ಬಟ್ಟೆ ಉಟ್ಟು ಒಳಗೆ ಬರಬೇಕು. ದಿನಕ್ಕೆ ಎರಡು ಸಲ. ಹಬೆ ತೆಗೆದುಕೊಂಡ ದಿನ ಅವಳ ಮೂಗು ಒಂದು ಗಳಿಗೆ ತೆರೆಯುತ್ತಿತ್ತು. ಮತ್ತೆ ಗೋಣಿ ಕಟ್ಟಿದ ನಡುಮನೆಗೆ ಬಂದರೆ ಮುಚ್ಚಿಕೊಳ್ಳುತ್ತಿತ್ತು.

ಮೊದಲ ವರ್ಷ ತಪ್ಪದೆ ಮಾಡಿದೆವು. ಎರಡನೇ ವರ್ಷ ದಿನಕ್ಕೆ ಒಂದು ಸಲ ಆಯಿತು. ಆಮೇಲೆ ಹುಳ ಇಲ್ಲದ ದಿನಗಳಲ್ಲಿ ಮಾತ್ರ. ಹುಳ ಇಲ್ಲದ ದಿನಗಳಲ್ಲಿ ತಟ್ಟೆಗಳಿಗೆ, ಗೋಡೆಗೆ ಫಾರ್ಮಲಿನ್ ಹೊಡೆಯುತ್ತಿದ್ದೆವು. ಅದರ ಘಾಟಿಗೆ ದೊಡ್ಡವರ ಕಣ್ಣಲ್ಲೇ ನೀರು ಬರುತ್ತಿತ್ತು. ಅವಳ ಮೂಗಿನಿಂದ ರಕ್ತ ಬರುತ್ತಿತ್ತು.

ತಪ್ಪಿಸಿದವಳು ನಾನು. ಅತ್ತೆಗೆ ಮಂಡಿ ನೋವು ಹೆಚ್ಚಾಗಿ ಹುಳದ ಕೆಲಸ ಪೂರ್ತಿ ನನ್ನ ಕೈಗೆ ಬಂದಿತ್ತು. ನನ್ನ ಕೈಯಲ್ಲಿ ಹುಳ ಚೆನ್ನಾಗಿ ಬಂದವು. ಹಾಲು ರೋಗ ಬಂದು ಅಕ್ಕಪಕ್ಕದ ಮನೆಗಳ ತಟ್ಟೆ ತಿಪ್ಪೆಗೆ ಹೋದಾಗಲೂ ನಮ್ಮವು ಉಳಿದವು. "ಜಯಮ್ಮನ ಕೈ ತಾಕಿದ್ರೆ ಬೆಳೆ ಹೋಗಲ್ಲ" ಎಂದು ಮಾತಾಯಿತು. ಮೊಟ್ಟೆ ಒಡೆದ ದಿನ ಮೊದಲ ಸೊಪ್ಪು ಹಾಕಲು ಬೇರೆ ಮನೆಯವರು ನನ್ನನ್ನು ಕರೆಯುತ್ತಿದ್ದರು. ಮದುವೆಯಾಗಿ ಬಂದಾಗ ನಾನು ಏನೂ ಬಾರದವಳು. ನಾಲ್ಕು ಜನರ ಮುಂದೆ ಮಾತು ಬಾರದು, ಸೋಬಾನೆ ಹಾಡಲು ಬಾರದು. ನೀರು ತರಲು ಹೋದರೆ ಹಿಂದೆ ನಿಲ್ಲುತ್ತಿದ್ದೆ. ಈಗ ಹೆಂಗಸರು ನನಗೆ ಜಾಗ ಬಿಡುತ್ತಿದ್ದರು. ಆ ರುಚಿ ಹತ್ತಿತು. ಮಗುವಿಗೆ ಹಬೆ ಕೊಟ್ಟು, ತಲೆಗೆ ಹಾಕಿಕೊಂಡು ಬಂದರೂ, ನನ್ನ ಸೆರಗಿನಲ್ಲಿ ನೀಲಗಿರಿ ವಾಸನೆ ಉಳಿದು ಹುಳಕ್ಕೆ ಏನಾದರೂ ಆದರೆ ಎಂದು ನನಗೇ ಭಯವಾಗತೊಡಗಿತು. ಎಕ್ಸ್‌ರೇಗೆ ಹೋಗುವುದನ್ನು "ಈ ಬೆಳೆ ಮುಗೀಲಿ" ಎಂದು ಮುಂದೆ ಹಾಕಿದೆ. ಒಂದು ಬೆಳೆ ಮುಗಿಯುವಾಗ ಇನ್ನೊಂದರ ಮೊಟ್ಟೆ ಬಂದಿರುತ್ತಿತ್ತು.

ಮೂರು ವರ್ಷ ಹೀಗೆ ಹೋಯಿತು. ಅಷ್ಟರಲ್ಲಿ ಅವಳಿಗೆ ವಾಸನೆ ಗೊತ್ತಾಗುವುದು ನಿಂತಿತ್ತು. ಒಡೆದ ಹಾಲನ್ನೂ ಸುಮ್ಮನೆ ಕುಡಿದುಬಿಡುತ್ತಿದ್ದಳು. ಮೂಗಿನ ತೊಂದರೆ ಕಿವಿಗೂ ಹೋಗಿತ್ತಂತೆ. ಅದು ನಮಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು.

ಕರೆದರೆ ಬರುವುದಿಲ್ಲ ಎಂದು ನಾನು ಅವಳಿಗೆ ಹೊಡೆದಿದ್ದೇನೆ.

ಅವಳಿಗೆ ಒಂಬತ್ತು ವರ್ಷ. ಮುಂಗಾರು ಚೆನ್ನಾಗಿ ಹಿಡಿದು ಹಿಪ್ಪುನೇರಳೆ ಸೊಪ್ಪು ದಪ್ಪಗೆ ಬಂದಿತ್ತು. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎಲ್ಲ ತಟ್ಟೆಯ ಹುಳವೂ ಒಂದೇ ಸಮ ಎದ್ದಿದ್ದವು. ಅಂಥ ಬೆಳೆಯನ್ನು ನಾನು ಕಂಡಿರಲಿಲ್ಲ. ಹುಳ ಗೂಡು ಕಟ್ಟುವ ಬಿದಿರಿನ ಚಾಪೆಗೆ ಚಂದ್ರಿಕೆ ಎನ್ನುತ್ತಾರೆ; ನಮ್ಮಲ್ಲಿದ್ದವು ಸಾಲವು ಎಂದು ನಿಮ್ಮ ತಾತ ಗಾಡಿ ಹೂಡಿಕೊಂಡು ನಮ್ಮ ತಾಲ್ಲೂಕಿನ ವಿಜಯಪುರದ ಕಡೆ ನೆಂಟರ ಊರಿಗೆ ಹೋದರು. ಹುಳ ಹಣ್ಣಾಗತೊಡಗಿದ ದಿನವೇ ನಸುಕಿನಲ್ಲಿ ಹೊರಟವರು, ಬರುವುದು ಮೂರನೇ ದಿನ ಸಂಜೆ.

ಹುಳ ಹಣ್ಣಾಗುವುದು ಅಂದರೆ ಹೀಗೆ. ಅವು ಮೇಯುವುದು ಬಿಟ್ಟು ತಲೆ ಎತ್ತಿ ಆಡಿಸುತ್ತವೆ. ಮೈ ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗೆ ಕಾಣುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತವೆ. ಕಾಯಿ ಹುಳವನ್ನು ಬಿಟ್ಟರೆ ಗೂಡು ಕಟ್ಟದೆ ಸಾಯುತ್ತವೆ. ಎರಡು ಮೂರು ದಿನದ ಕೆಲಸ. ಕಣ್ಣು ಚುರುಕಿರಬೇಕು.

ಮೊದಲನೇ ದಿನ ಬೆಳಿಗ್ಗೆ ಸರೋಜ ಬಂದು ತಟ್ಟೆಯ ಪಕ್ಕ ನಿಂತಳು.

"ಅಮ್ಮ, ಹುಬ್ಬಿನ್ ಹತ್ರ ನೋಯ್ತದೆ."

ತಿರುಗಿ ನೋಡಿದೆ. ಎಡಗಣ್ಣಿನ ಮೂಲೆ, ಮೂಗಿನ ಪಕ್ಕದಲ್ಲಿ, ಕೆಂಪಾಗಿ ಊದಿತ್ತು. ಏನೋ ಕಚ್ಚಿದೆ ಎಂದುಕೊಂಡೆ. ಡಾಕ್ಟರು ಹೇಳಿದ್ದು ಮರೆತುಹೋಗಿತ್ತು ಎಂದು ಬರೆದರೆ ನೀವು ನಂಬುತ್ತೀರಿ. ಮರೆತಿರಲಿಲ್ಲ. ಅವರ ದನಿ ಹಾಗೇ ಕೇಳಿಸಿತು. "ಅಜ್ಜಿ ಹತ್ರ ಹೋಗು" ಎಂದು ಹೇಳಿ ಹುಳ ಆರಿಸಿದೆ.

ಎರಡನೇ ದಿನ ಆ ಕಣ್ಣು ಮುಚ್ಚಿಹೋಗಿತ್ತು. ಮೈ ಸುಡುತ್ತಿತ್ತು. ಅತ್ತೆ ನಡುಮನೆಯ ಬಾಗಿಲಿಗೆ ಬಂದು ನಿಂತರು.

"ಜಯೂ, ಕೂಸಿನ್ ಕಣ್ಣು ನೋಡ್ದಾ?"

"ನೋಡ್ದೆ ಅತ್ತೆ. ಸ್ವಲ್ಪ ಶಾಖ ಕೊಡಿ."

"ಶಾಖಕ್ಕೆ ಹೋಗೋ ಊತ ಅಲ್ಲ ಕಣೆ ಇದು. ಹನ್ನೊಂದ್ ಗಂಟೆ ಬಸ್ಸೈತೆ. ಎತ್ಕೊಂಡು ಹೊರಡು."

"ಹುಳ?"

"ಹುಳ ನಾನ್ ನೋಡ್ಕೊಂತೀನಿ. ನೀನು ಬರೋಕ್ ಮುಂಚೆ ಯಾರು ನೋಡ್ತಿದ್ರು, ನಿಮ್ಮಪ್ಪಾನಾ?"

"ನಿಮ್ಗೆ ಕಣ್ಣು ಮಂಜು ಅತ್ತೆ. ಹಣ್ಣೂ ಕಾಯೂ ಬೆರೆಸ್ಬಿಡ್ತೀರ."

"ಬೆರ್ತ್ರೆ ಬೆರೀಲಿ. ಒಂದ್ ಬೆಳೆ ಹೋದ್ರೆ ಹೋಯ್ತು."

"ಆಸ್ಪತ್ರೆಗೆ ಹೋದೋಳು ಮತ್ತೆ ಹುಳ ಮುಟ್ಟಂಗಿಲ್ಲ. ನೀವೇ ಹೇಳಿದ್ದು."

"ನಾನೇ ಹೇಳಿದ್ದು. ಈಗ್ಲೂ ನಾನೇ ಹೇಳ್ತಾ ಇದೀನಿ, ಹೋಗು."

ಹದಿನಾಲ್ಕು ವರ್ಷ ಅವರ ಮಾತಿಗೆ ಎದುರಾಡದೆ ಬದುಕಿದ ಸೊಸೆ ನಾನು. ಆ ಒಂದು ದಿನ ಎದುರಾಡಿದೆ.

"ನಾಳೆ ಬೆಳಿಗ್ಗೆ ಹೋಗ್ತೀನಿ" ಎಂದೆ.

ಅವರು ಸೊಂಟಕ್ಕೆ ಸೆರಗು ಬಿಗಿದು ಮಗುವನ್ನು ಎತ್ತಿಕೊಂಡು ತಾವೇ ಹೊರಟರು. ಬಸ್ಸಿನ ರಸ್ತೆ ನಮ್ಮೂರಿಂದ ಒಂದು ಮೈಲಿ. ದಾರಿಯಲ್ಲಿ ಯಾರನ್ನಾದರೂ ಕರೆಯೋಣವೆಂದರೆ ಎಲ್ಲರ ಮನೆಯಲ್ಲೂ ಹುಳ ಹಣ್ಣಾಗಿದ್ದವು; ಯಾರೂ ಹೊರಗೆ ಬರಲಿಲ್ಲ. ಊರ ಮುಂದಿನ ಅರಳಿಕಟ್ಟೆಯವರೆಗೆ ಹೋದವರಿಗೆ ಮಂಡಿ ಬಗ್ಗಲಿಲ್ಲ. ಅಲ್ಲೇ ಕುಳಿತುಬಿಟ್ಟರು. ಬಸ್ಸು ಹೋದ ಸದ್ದು ಕೇಳಿದ ಮೇಲೆ ಮಗುವನ್ನು ಮೆಲ್ಲಗೆ ನಡೆಸಿಕೊಂಡು ವಾಪಸು ಬಂದರು. ನಾನು ಕಿಟಕಿಯ ಗೋಣಿ ಸರಿಸಿ ನೋಡಿದೆ. ನೋಡಿ ಮತ್ತೆ ಗೋಣಿ ಬಿಟ್ಟೆ.

ಮೂರನೇ ದಿನ ಬೆಳಿಗ್ಗೆ ಹುಳ ಮುಕ್ಕಾಲು ಭಾಗ ಚಂದ್ರಿಕೆ ಹತ್ತಿದ್ದವು. ಕೈ ತೊಳೆದುಕೊಂಡು ಅವಳ ಹತ್ತಿರ ಹೋದೆ. ಎಡಗಣ್ಣು ಮುಂದಕ್ಕೆ ಬಂದ ಹಾಗಿತ್ತು. ರೆಪ್ಪೆಯನ್ನು ಎರಡು ಬೆರಳಲ್ಲಿ ಬಿಡಿಸಿ, ಅವಳ ಬಲಗಣ್ಣನ್ನು ಅತ್ತೆಯ ಕೈಯಲ್ಲಿ ಮುಚ್ಚಿಸಿ, ಬಾಗಿಲ ಬೆಳಕಿನಲ್ಲಿ ಮೂರು ಬೆರಳು ಹಿಡಿದೆ.

"ಎಷ್ಟು ಹೇಳು?"

"ನೀನಿನ್ನೂ ಕೈ ಎತ್ತಿಲ್ಲ ಅಲ್ವಾ ಅಮ್ಮ?"

ದೇವನಹಳ್ಳಿಯ ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಹೇಳಿದ್ದೆನಲ್ಲಮ್ಮ" ಎಂದರು. ಅಷ್ಟೇ. ಒಂದು ಚೀಟಿ ಬರೆದು, ಯಾರದೋ ಕಾರು ನಿಲ್ಲಿಸಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಎಲ್ಲರೂ ಓಡುತ್ತಿದ್ದರು. ಎಕ್ಸ್‌ರೇ, ರಕ್ತ, ಇಂಜೆಕ್ಷನ್. ಮೂರು ವರ್ಷ ಆಗದ ಎಕ್ಸ್‌ರೇ ಅರ್ಧ ಗಂಟೆಯಲ್ಲಿ ಆಯಿತು. ಒಬ್ಬ ಡಾಕ್ಟರಮ್ಮ ಬಂದರು, ನನಗಿಂತ ಚಿಕ್ಕವರು.

"ಊತ ಬಂದು ಎಷ್ಟು ದಿನ?"

"ಮೂರು."

"ಮೂರು ದಿನ ಏನ್ ಮಾಡ್ತಿದ್ರಿ?"

ಸುತ್ತ ನರ್ಸುಗಳು, ಬೇರೆ ರೋಗಿಗಳ ಕಡೆಯವರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸರೋಜ ಸ್ಟ್ರೆಚರ್ ಮೇಲೆ ಎಚ್ಚರವಾಗಿಯೇ ಇದ್ದಳು. ಜನರ ಮುಂದೆ ಎಂದೂ ಬಾಯಿ ಬಾರದ ನನಗೆ ಆಗ ಮಾತು ಸರಾಗವಾಗಿ ಬಂತು.

"ಮನೇಲಿ ಹುಳ ಇತ್ತು. ನಮ್ಮತ್ತೆ ಬಿಡ್ಲಿಲ್ಲ."

ಡಾಕ್ಟರಮ್ಮನ ಮುಖ ಬದಲಾಯಿತು. ನನ್ನ ಹೆಗಲ ಮೇಲೆ ಕೈ ಇಟ್ಟರು. ಆ ಕೈಯ ಭಾರ ಇವತ್ತಿಗೂ ಇದೆ.

ಆಪರೇಷನ್ ಥಿಯೇಟರಿನಿಂದ ಬಂದಾಗ ಅವಳ ಅರ್ಧ ಮುಖಕ್ಕೆ ಬ್ಯಾಂಡೇಜ್. ಮೂಗಿನ ಪಕ್ಕದಲ್ಲಿ ಕೊಯ್ದು ಕೀವು ತೆಗೆದಿದ್ದರು. ಮೆದುಳಿಗೆ ಹೋಗುವುದರಲ್ಲಿತ್ತು, ಜೀವ ಉಳಿಯಿತು ಎಂದರು. ಕಣ್ಣಿನ ನರ ಸತ್ತಿದೆ ಎಂದರು. ಮೊದಲ ದಿನ ಬಂದಿದ್ದರೆ ಎಂದು ಡಾಕ್ಟರಮ್ಮ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಮಾರನೇ ದಿನ ನಿಮ್ಮ ತಾತ ತಾಯಿಯನ್ನು ಕರೆದುಕೊಂಡು ಬಂದರು. ಅತ್ತೆ ಮಂಡಿ ಹಿಡಿದುಕೊಂಡು ವಾರ್ಡಿನ ಉದ್ದಕ್ಕೂ ಕುಂಟುತ್ತ ಬಂದರು. ಡಾಕ್ಟರಮ್ಮ ಅಲ್ಲೇ ಇದ್ದರು.

"ನೀವೇನಾ ಅತ್ತೆ? ಹುಳ ಮುಖ್ಯವಾಯ್ತೇನಮ್ಮ ನಿಮಗೆ? ಸೊಸೆ ಬೇಡಿಕೊಂಡ್ರೂ ಬಿಡಲಿಲ್ಲವಂತೆ!"

ಬೇಡಿಕೊಂಡೆ ಎಂದು ನಾನು ಹೇಳಿರಲಿಲ್ಲ. ಅದನ್ನು ಅವರೇ ಸೇರಿಸಿಕೊಂಡಿದ್ದರು. ಅಲ್ಲ ಎಂದು ನಾನೂ ಹೇಳಲಿಲ್ಲ. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಬಹಳ ಹೊತ್ತು ಅಲ್ಲ. ಆಮೇಲೆ ಡಾಕ್ಟರಮ್ಮನಿಗೆ ಕೈಮುಗಿದರು.

"ತಪ್ಪಾಯ್ತು ತಾಯಿ."

ನಿಮ್ಮ ತಾತ ತಾಯಿಯ ಮುಖ ನೋಡದೆ 'ಹೊರಗೆ ನಡಿ' ಎಂದರು.

ಒಂದು ತಿಂಗಳ ಮೇಲೆ ಆಸ್ಪತ್ರೆಯಲ್ಲಿದ್ದೆವು. ಗಾಯ ಒಣಗಿದ ಮೇಲೆ ಸೈನಸ್ ತೊಳೆದರು, ಅಡಿನಾಯ್ಡ್ ತೆಗೆದರು. ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಅವಳು ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಮುಖ ಕೆಂಪಾಗಲಿಲ್ಲ. ಹೆದರಿಕೊಂಡು ನನ್ನ ಕೈ ಹಿಡಿದಳು. "ಅಮ್ಮ, ಮೂಗೊಳ್ಗೆ ತಣ್ಣಗೆ ಏನೋ ಹೋಗ್ತದೆ" ಎಂದಳು. ಗಾಳಿ ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಇದೇನಮ್ಮ ವಾಸನೆ?" ಎಂದಳು. ಆಯಾ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು. ಎಷ್ಟೋ ಕಾಲದ ಮೇಲೆ ಅವಳಿಗೆ ಸಿಕ್ಕ ಮೊದಲ ವಾಸನೆ ಅದು. ಅದಕ್ಕೇ ಅವಳು ನಕ್ಕಳು. ಆ ಡಾಕ್ಟರುಗಳಿಗೆ ನಾನು ಋಣಿ. ಹೀಗೆ ಬರೆಯುವಾಗಲೂ ನಾಲಿಗೆ ಕಹಿಯಾಗುತ್ತದೆ. ಅಷ್ಟು ಸುಲಭವಾಗಿ ತೆರೆಯುವ ಬಾಗಿಲಿಗೆ ನಾನು ಮೂರು ವರ್ಷ ಗೋಣಿ ಕಟ್ಟಿದ್ದೆ.

ಊರಿಗೆ ವಾಪಸು ಹೋದಾಗ ನೀರಿನ ಹತ್ತಿರ ಹೆಂಗಸರು ಕೇಳಿದ್ದು ಗೂಡಿನ ವಿಷಯ. ಆ ಸಲದಂಥ ಗೂಡು ಯಾರ ಮನೆಯಲ್ಲೂ ಆಗಿರಲಿಲ್ಲ. ಆಮೇಲೆ ಮಗುವಿನ ವಿಷಯ ಬಂತು. ಪಿಳ್ಳಮ್ಮ, "ಆ ಮುದುಕಿ ಮೊಮ್ಮಗಳ್ ಕಣ್ಣನ್ನೇ ಹುಳಕ್ಕೆ ಮೇಯಿಸ್ಬಿಟ್ಳಲ್ಲ" ಎಂದಳು. ನಾನು ಬಿಂದಿಗೆ ಎತ್ತಿಕೊಂಡು ಬಂದೆ.

ಸರೋಜ ಅಜ್ಜಿಯ ಹತ್ತಿರ ಹೋಗುವುದನ್ನು ಬಿಟ್ಟಳು. ಅಜ್ಜಿ ತಲೆ ಬಾಚಲು ಕರೆದರೆ ಹೋಗುತ್ತಿರಲಿಲ್ಲ. ಅಜ್ಜಿ ತಟ್ಟೆಗೆ ಇಟ್ಟದ್ದನ್ನು ಉಣ್ಣುತ್ತಿರಲಿಲ್ಲ. ಒಂದು ದಿನ ಅತ್ತೆ ಅವಳಿಗೆಂದು ಸುಟ್ಟ ಜೋಳದ ತೆನೆ ಹಿಡಿದುಕೊಂಡು ಹಿಂದೆ ಹಿಂದೆ ಹೋದರು. "ನೀನೇ ಬಿಡ್ಲಿಲ್ಲ, ನಂಗೆ ಗೊತ್ತು" ಎಂದು ಅವಳು ಕಿರುಚಿದಳು. ಅತ್ತೆ ತೆನೆಯನ್ನು ಜಗಲಿಯ ಮೇಲಿಟ್ಟು ಸೊಪ್ಪು ಬಿಡಿಸಲು ಕುಳಿತರು. ನಾನು ಎರಡು ಮಾರು ದೂರದಲ್ಲಿದ್ದೆ. ಮೂರೇ ಮಾತು ಸಾಕಿತ್ತು. ಅವಳ ಒಂದು ಕಣ್ಣು ಹೋದದ್ದಕ್ಕೆ ಹುಳ, ಮನೆ, ಕಟ್ಟಳೆ ಎಂದು ಏನೇನೋ ಕಾರಣ ಕೊಡಬಹುದು. ಅವಳ ಅಜ್ಜಿಯನ್ನು ಕಿತ್ತುಕೊಂಡದ್ದು ನಾನೊಬ್ಬಳೇ.

ಆ ವರ್ಷವೇ ಅತ್ತೆ ಹಟ ಮಾಡಿ ಹಿತ್ತಲಲ್ಲಿ ಹುಳಕ್ಕೆ ಬೇರೆ ಗುಡಿಸಲು ಹಾಕಿಸಿದರು. ನಡುಮನೆಯ ಕಿಟಕಿಗೆ ಗೋಣಿ ಬೀಳುವುದು ನಿಂತಿತು. ನಾನು ಹುಳ ಮುಟ್ಟಲಿಲ್ಲ. ಕೈ ನಡುಗುತ್ತದೆ ಎಂದೆ. ಎಲ್ಲರೂ ಪಾಪ ಎಂದರು.

ಆರು ವರ್ಷದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಸರೋಜ ಆಗ ದೇವನಹಳ್ಳಿಯಲ್ಲಿ ಹೈಸ್ಕೂಲು ಓದುತ್ತಿದ್ದಳು. ಮನೆಗೆ ಬಂದರೂ ಆ ಕೋಣೆಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆಯ ಕಾಲು ಒತ್ತುತ್ತ ನಾನು ಶುರು ಮಾಡಿದೆ.

"ಅತ್ತೆ, ಅವತ್ತು ಆಸ್ಪತ್ರೇಲಿ ನಾನು..."

"ಸುಮ್ಕಿರು."

"ಸರೋಜಂಗೆ ಹೇಳ್ಬಿಡ್ತೀನಿ ಅತ್ತೆ."

"ಏನೂ ಬೇಡ. ನನ್ ಹೆಸ್ರಲ್ಲೇ ಇರ್ಲಿ ಬಿಡು. ನಾನು ಹೋಗೋಳು. ನೀನು ಆ ಹುಡ್ಗಿ ಜೊತೆ ಬಾಳ್ಬೇಕು."

ಅವರು ಸಿಟ್ಟಿನಿಂದ ಬೈದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೇನೋ. ಅವರು ಬೇಡ ಎಂದರು, ನಾನು ಅದನ್ನು ಹಿಡಿದುಕೊಂಡೆ. ಅದು ಅವರು ಕೊಟ್ಟ ಅನುಮತಿ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಮ್ಮ ತಾತ ತಾಯಿಯ ಮೇಲಿನ ಸಿಟ್ಟನ್ನು ಇಟ್ಟುಕೊಂಡೇ ತೀರಿಕೊಂಡರು. ಅವರಿಗೂ ಹೇಳಲಿಲ್ಲ.

ಸರೋಜಳನ್ನು ನೋಡಲು ಬಂದ ಗಂಡಿನ ಕಡೆಯವರು ಕಣ್ಣು ನೋಡಿ ಎದ್ದು ಹೋಗುತ್ತಿದ್ದರು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನಿಮ್ಮಪ್ಪ ಮಾತ್ರ ಕೂತು ಉಪ್ಪಿಟ್ಟು ಪೂರ್ತಿ ತಿಂದು, "ಇನ್ನೊಂದ್ ಕಣ್ಣು ಕಾಣುತ್ತಲ್ಲ, ನನ್ನನ್ನ ನೋಡೋಕೆ ಅಷ್ಟು ಸಾಕು" ಎಂದರು. ಆ ಸಂಬಂಧ ಅವಳ ಪುಣ್ಯ, ನನ್ನದಲ್ಲ. ಈಗ ಹೊಸಕೋಟೆಯ ಈ ಮನೆಯಲ್ಲಿ ಅವಳ ಅನ್ನ ಉಣ್ಣುತ್ತಿದ್ದೇನೆ.

ಹೋದ ತಿಂಗಳು ಹಿರಿಯರಿಗೆ ಎಡೆ ಇಡುವ ಹಬ್ಬದ ದಿನ ಅವಳು ಎಲೆ ಹಾಸುತ್ತಿದ್ದಳು. ನಿಮ್ಮ ತಾತನಿಗೆ ಒಂದು, ಅವಳ ಮಾವನಿಗೆ ಒಂದು. ತನ್ನ ಅಜ್ಜಿಗೆ ಎಂದೂ ಹಾಸಿದವಳಲ್ಲ. ನನಗೆ ಅದನ್ನು ನೋಡಿ ನೋಡಿ ರೂಢಿಯಾಗಿತ್ತು. ಆ ದಿನ ಯಾಕೋ ಆಗಲಿಲ್ಲ. ನೀವಿಬ್ಬರೂ ಹೊರಗೆ ಹೋಗಿದ್ದಿರಿ. ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಹೇಳಿದೆ. ಮೂರು ದಿನವನ್ನೂ ಹೇಳಿದೆ.

ಅವಳು ಪಾಯಸ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. "ಅಜ್ಜಿ ನನ್ನ ಎತ್ಕೊಂಡು ಅರಳಿಕಟ್ಟೆಗೆ ಹೋಗಿದ್ದು ನೆನಪೈತೆ" ಎಂದಳು. "ಕಣ್ಣಿಗೆ ಮಂತ್ರ ಹಾಕ್ಸೋಕೆ ಅಂದ್ಕೊಂಡಿದ್ದೆ." ಆಮೇಲೆ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಕಾಫಿ ತಂದು ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದಳು. ಅಜ್ಜಿ ಮತ್ತು ಅಮ್ಮನಿಗೆ ಏನಾಗಿದೆ ಎಂದು ನೀವು ಕೇಳಿದ್ದು ಆಗಲೇ. ಮಕ್ಕಳಿಗೂ ನೀನೇ ಹೇಳು ಎಂದು ಒಂದು ದಿನ ನೋಟ್‌ಬುಕ್ಕು ತಂದುಕೊಟ್ಟಳು. ಕ್ಷಮಿಸಿದಳು ಎಂದು ನಾನು ಬರೆಯಲಾರೆ. ಅದು ಅವಳಿಗೆ ಬಿಟ್ಟದ್ದು. ಅವಳು ಬದುಕಿದ್ದಾಳೆ, ಮೂಗಿನ ಎರಡೂ ಹೊಳ್ಳೆಯಲ್ಲಿ ಉಸಿರಾಡುತ್ತಾಳೆ. ಅಷ್ಟರ ಮಟ್ಟಿಗೆ ದೇವರು ನನ್ನ ಕೈಯಿಂದ ಉಳಿಸಿದ.

ನಿನ್ನೆ ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಅವಳಾಗಿ ಬಂದು ಎದುರಿಗೆ ಕುಳಿತಳು.

"ಅಜ್ಜಿ ಕೊನೇಲಿ ನನ್ನ ಕೇಳಿದ್ರಾ?"

ಕೇಳಿದ್ದರು. ಮಾತು ನಿಲ್ಲುವ ಹಿಂದಿನ ದಿನ, ನೀರು ಕುಡಿಸುತ್ತಿದ್ದಾಗ. ಹೇಳಿದೆ.

"'ಸರೋಜ ಈಗ ಬಾಯಿ ಮುಚ್ಕೊಂಡು ನಿದ್ದೆ ಮಾಡ್ತಾಳಾ' ಅಂದ್ರು. ಮಾಡ್ತಾಳೆ ಅತ್ತೆ ಅಂದೆ. 'ಹಂಗಾದ್ರೆ ಸರಿ' ಅಂದ್ರು."

ಸರೋಜ ಮೊರದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಇನ್ನೊಂದ್ ಸಲ ಹೇಳು" ಎಂದಳು.

ಹೇಳಿದೆ.